ಮಾವನ ಹೋಟೆಲಿನ ಗೋಡೆಗೆ ಪೈರು ಬಂದದ್ದು

ನಮ್ಮ ಸೋದರಮಾವನಿಗೆ ಹುಚ್ಚು ಎಂದು ಅರಕೆರೆಯ ಜನ ಹೇಳಿದರೆ ನಾನು ಒಪ್ಪುವುದಿಲ್ಲ. ಹುಚ್ಚರಿಗೆ ಅಮಾವಾಸ್ಯೆ, ಹುಣ್ಣಿಮೆ ಅಂತಾದರೂ ಒಂದು ಲೆಕ್ಕವಿರುತ್ತದೆ. ನಮ್ಮ ಮಾವನಿಗೆ ಅದೂ ಇಲ್ಲ, ವರ್ಷವಿಡೀ ಒಂದೇ ಸಮ!

ತೊಂಬತ್ತರ ದಶಕದ ಮಾತು. ಮಾವ ಮತ್ತು ಅತ್ತೆ ಪಾಂಡವಪುರದಲ್ಲಿ ಒಂದು ಊಟದ ಹೋಟೆಲು ನಡೆಸುತ್ತಿದ್ದರು. ಅತ್ತೆಯ ಕೈಯ ಮುದ್ದೆ, ಉಪ್ಪುಸಾರಿಗಾಗಿ ಲಾರಿಯವರು ದಾರಿ ಬಳಸಿ ಬರುತ್ತಿದ್ದರು. ಆದರೆ ಕಿಟಕಿಯೇ ಇಲ್ಲದ ಆ ಬಾಡಿಗೆ ಅಡುಗೆಮನೆಯ ಹೊಗೆ ಕುಡಿದೂ ಕುಡಿದೂ ಅತ್ತೆಗೆ ಕೆಮ್ಮು ಹತ್ತಿತು. ಒಂದು ಮಾತು ಪೂರ್ತಿ ಆಡಲಾರದಷ್ಟು ಕೆಮ್ಮು. ಇನ್ನು ಒಲೆ ಮುಂದೆ ನಿಲ್ಲಕೂಡದು ಎಂದರು ಡಾಕ್ಟರು. ಹೋಟೆಲು ಮುಚ್ಚಿತು. ನಾಲ್ಕು ಜನಕ್ಕೆ ಬಡಿಸದೆ ಅತ್ತೆ ಬಾಡಿಹೋದಳು.

ಅವಳು ಕೆಮ್ಮದೆ ನಿಂತು ಅಡುಗೆ ಮಾಡುವಂಥ ಹೋಟೆಲನ್ನೇ ಕಟ್ಟುತ್ತೇನೆಂದು ಮಾವ ಅರಕೆರೆಯ ನಾಲೆ ಪಕ್ಕದ ತುಂಡು ಜಮೀನಿಗೆ ಹೊರಟ. ಗ್ಯಾಸ್ ಒಲೆ ಇಟ್ಟರಾಗದೇ ಎಂದೆ.

"ಗ್ಯಾಸ್ನಾಗೆ ಅಷ್ಟು ಜನಕ್ಕೆ ಕೋಲಾಕಿ ಮುದ್ದೆ ತೊಳ್ಸಕಾಯ್ತದೇನ್ಲಾ? ಸುಮ್ಕಿರು," ಅಂದ.

ಮೊದಲು ಶುರುವಾದದ್ದು ಊದುಬತ್ತಿ. ಯಾವ ಮನೆಯಲ್ಲಿ ಹೊಗೆ ಎತ್ತ ಹೋಗುತ್ತದೆ ಎಂದು ತಿಳಿಯಲು ಮಾವ ಕಂಡಕಂಡವರ ಅಡುಗೆಮನೆಗೆ ಊದುಬತ್ತಿ ಹಚ್ಚಿಕೊಂಡು ನುಗ್ಗುತ್ತಿದ್ದ. ಬೂಕನಕೆರೆಯಲ್ಲಿ ನೆಂಟರ ಮದುವೆಗೆ ಹೋದಾಗಲೂ ಅಷ್ಟೆ. ಅಡುಗೆಮನೆಯ ಮೂಲೆಯಲ್ಲಿ ಊದುಬತ್ತಿ ಎತ್ತಿಹಿಡಿದು, ಸೂರು ನೋಡುತ್ತ ನಿಂತ. ಹೆಂಗಸರು ಸೌಟು ಕೆಳಗಿಟ್ಟು ಕೈಮುಗಿದರು. "ಯಾವ್ ದೇವ್ರು ಸ್ವಾಮಿ?" ಎಂದು ಒಬ್ಬಾಕೆ ಕೇಳಿಯೇಬಿಟ್ಟಳು.

"ವಾಯುದೇವ್ರು ಕಣವ್ವ. ಆದ್ರೆ ನಿಮ್ಮನೇಲಿಲ್ಲ," ಅಂದ ಮಾವ. ಊಟ ಮುಗಿಯುವ ತನಕ ಆ ಮನೆಯವರು ನಮ್ಮ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಊರೆಲ್ಲ ಸಿಮೆಂಟಿನ ತಾರಸಿಗೆ ಬಿದ್ದಿದ್ದ ಕಾಲ ಅದು. ನಮ್ಮ ಮಾವ ಮಾತ್ರ ಮಣ್ಣಿನ ಗೋಡೆ ಎಂದ. ಜಮೀನಿನ ಮಣ್ಣೇ ಗೋಡೆಗೆ, ಮಣ್ಣು ತೆಗೆದ ಗುಂಡಿಯೇ ಮಳೆನೀರಿಗೆ, ಆ ನೀರೇ ತರಕಾರಿಗೆ, ತರಕಾರಿ ಸಾರಿಗೆ! ಮಣ್ಣಿಗೆ ಕಲಸಲು ಅತ್ತೆಯ ತವರು ಹೊಣಕೆರೆಯಿಂದ ಗಾಡಿ ತುಂಬ ರಾಗಿಹುಲ್ಲು ಬಂತು. ಅವಸರದ ಮನುಷ್ಯ, ಒಕ್ಕಣೆ ಸರಿಯಾಗಿ ಮುಗಿಯುವ ಮುಂಚೆಯೇ ಹೇರಿಸಿಕೊಂಡು ಬಂದಿದ್ದ. ಗೋಡೆ ಎದ್ದಮೇಲೆ ಮಳೆ ಹಿಡಿಯಿತು. ಮಳೆ ಬಿಟ್ಟು ನೋಡಿದರೆ ಗೋಡೆಯ ಮೈತುಂಬ ರಾಗಿ ಪೈರು!

ಶ್ರೀರಂಗಪಟ್ಟಣದಿಂದ ಬರುತ್ತಿದ್ದ ಸಾಬರ ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಅರೆ ಗೌಡ್ರೇ, ಹೋಟ್ಲು ಕಟ್ಟು ಅಂದ್ರಿ, ಹೊಲಾನೇ ನಿಲ್ಸಿದ್ದೀನಲ್ಲಾ. ಕಳೆ ಕೀಳಕ್ಕೆ ಆಳು ಹೇಳ್ಲಾ?"

"ಆಳ್ ಯಾಕೆ, ಹಸ ಬುಡಿ," ಅಂದ ಮಾವ. ನಿಜಕ್ಕೂ ಬಿಟ್ಟ. ಹಸು ಪೈರು ಮೇಯುತ್ತಾ ಹಸಿ ಗೋಡೆಯ ಬುಡವನ್ನೂ ಕೊಂಬಿನಿಂದ ತಿವಿದು ತೂತು ಮಾಡಿತು. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಮಾವ ಅಲ್ಲೂ ಊದುಬತ್ತಿ ಹಿಡಿದ. ನಾಲೆ ಕಡೆಯ ಗಾಳಿ ಆ ತೂತಿನಿಂದ ನುಗ್ಗಿ ಹೊಗೆಯನ್ನು ಮೇಲಕ್ಕೆ ತಳ್ಳಿತು. ಅದನ್ನೇ ಕಿಟಕಿ ಮಾಡಿಸಿ, ಎದುರು ಗೋಡೆಯ ನೆತ್ತಿಯಲ್ಲಿ ಹೊಗೆ ಹೋಗಲು ದೊಡ್ಡ ಕಂಡಿ ಬಿಡಿಸಿದ. ಆ ಹಸುವಿಗೆ ಎಂಜಿನಿಯರ್ ಎಂದೇ ಹೆಸರಾಯಿತು.

ಹೋಟೆಲು ಶುರುವಾದ ದಿನ ನಾವೆಲ್ಲ ಪಡವಲ ಬಳ್ಳಿಯ ಚಪ್ಪರದಡಿ ಊಟಕ್ಕೆ ಕೂತೆವು. ಕಾಯಿ ಡೊಂಕಾಗದಿರಲೆಂದು ತುದಿಗೆ ಕಟ್ಟಿದ್ದ ಕಲ್ಲು ಮೇಸ್ತ್ರಿಯ ಹಣೆಗೆ ಬಡಿಯಿತು. "ಅದು ನೆಟ್ಗೆ ಬೆಳೀಬೇಕು, ನೀವೇ ವಸಿ ಬಗ್ಗಿ," ಅಂದ ಮಾವ. ಕೈ ತೊಳೆಯಲು ಹೋದ ಒಬ್ಬ ಬಸ್ ಡ್ರೈವರಿಗೆ, "ಆ ಬಾಳೆಗೆ ನೀರು ಜಾಸ್ತಿ ಆಗದೆ, ಈ ಕಡೆ ಗಿಡುಕ್ಕೆ ತೊಳ್ಕಳಿ," ಎಂದು ಅಡ್ಡ ಹಾಕಿದ.

ಅಷ್ಟರಲ್ಲಿ ಒಳಗೆ ಅತ್ತೆ ಒಲೆ ಹಚ್ಚಿದಳು. ಸೌದೆ ಹಸಿ. ಮಾವ ಅಡುಗೆಮನೆ ಬಾಗಿಲ ಪಕ್ಕದ ಜಗಲಿಯಲ್ಲಿ ತಲೆ ತಗ್ಗಿಸಿ ಕೂತುಬಿಟ್ಟ. ಕೆಮ್ಮು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾವೂ ಒಳಗಡೆಗೇ ಕಿವಿಯಿಟ್ಟೆವು. ಮುದ್ದೆ ತೊಳಸುವ ಸದ್ದು ಬಂತು, ನಿಂತಿತು. ಎಲೆ ಹಾಕೋದು ಯಾವಾಗ ಎಂದು ಯಾರೋ ಕೇಳಿದ್ದೂ ಮಾವನಿಗೆ ಕೇಳಿಸಲಿಲ್ಲ.

ಅತ್ತೆ ಬೆವರೊರೆಸುತ್ತ ಬಾಗಿಲಿಗೆ ಬಂದಳು. "ಏನ್ ಇಂಗ್ ಕೂತ್ಬುಟ್ರಿ ಗರ ಬಡ್ದೋರಂಗೆ? ಜನ ಕಾಯ್ತಾ ಕುಂತವ್ರೆ, ಮುದ್ದೆ ಆರೋಯ್ತಾ ಅದೆ, ಎಲೆ ಯಾರ್ ಹಾಕ್ತಾರೆ, ನಿಮ್ಮಪ್ಪ ಎದ್ ಬಂದು ಹಾಕ್ತಾನಾ?" ಅಂದಳು, ಒಂದೇ ಉಸಿರಿನಲ್ಲಿ.

ಮಾವ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ.

"ಇನ್ನೊಂದ್ಸಲ ಬಯ್ಯಮ್ಮಿ," ಅಂದ.