ಇಂಗ್ಲಿಷಿನಲ್ಲಿ ಬಿದ್ದ ಮನೆ

ಗೋಯಿಶ್ ಎಂಬ ಪೋರ್ಚುಗೀಸ್ ಊರಿನಲ್ಲಿದ್ದ ನನ್ನ ಹೆಂಡತಿಯ ಅಜ್ಜಿಯ ಮನೆಯನ್ನು ಈ ಬೇಸಿಗೆಯೊಳಗೆ ಮಾರಿಯೇ ತೀರುತ್ತೇನೆಂದು ಶಪಥ ಮಾಡಿ, ಬಾಗಿಲು ಎಳೆದೆ. ಬಾಗಿಲು ಬರಲಿಲ್ಲ, ಹಿಡಿ ಮಾತ್ರ ಕೈಗೆ ಬಂತು! ಎದುರು ಹಿತ್ತಲಿನ ಮುದುಕಿ ಎಲೆಕೋಸು ಕೊಯ್ಯುವುದನ್ನು ಬಿಟ್ಟು ಚಪ್ಪಾಳೆ ತಟ್ಟಿದಳು.

ಎರಡು ವರ್ಷದಿಂದ ಗಿರಾಕಿಯೇ ಇಲ್ಲ. ಇದು ಹೋದರೆ ತಾನೆ ಅವೆಯಿರು ನಗರದಲ್ಲಿ ಮಗಳ ಮನೆ ಪಕ್ಕ ನಮಗೊಂದು ಫ್ಲ್ಯಾಟು? ತಪ್ಪು ನಮ್ಮ ಪೋರ್ಚುಗೀಸ್ ಜಾಹೀರಾತಿನದು. ಸೂರೇ ಹಾರಿಹೋಗಿದ್ದರೂ ನಾವು ಮರ್ಯಾದೆಯಿಂದ 'ಪಾರಾ ರೆಕುಪೆರಾರ್', ಅಂದರೆ ಚೂರು ರಿಪೇರಿ ಇದೆ, ಎಂದಷ್ಟೇ ಬರೆಯುತ್ತೇವೆ. ಇಂಗ್ಲಿಷರಿಗೋ ಪಾಳು ಅಂದರೆ ಪ್ರಾಣ! ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ನಾನು ನಿಘಂಟು ಹರವಿ ಕೂತೆ. ಡೆರೆಲಿಕ್ಟ್ ಅಂದರೆ ದಿಕ್ಕಿಲ್ಲದೆ ಪಾಳುಬಿದ್ದದ್ದು, ಡಿಲ್ಯಾಪಿಡೇಟೆಡ್, ಟಂಬಲ್‌ಡೌನ್... ಹೊಸ ಇಂಗ್ಲಿಷ್ ಜಾಹೀರಾತಿನಲ್ಲಿ ಒಂದೇ ಮನೆಯನ್ನು ಏಳು ಸಲ ಕೆಡವಿ ಪ್ರಕಟಿಸಿದೆ. ಮರುದಿನವೇ ಪೆಂಬರ್ಟನ್ ದಂಪತಿಯ ಫೋನು: ಶನಿವಾರ ಬರುತ್ತೇವೆ!

ಹೆಮ್ಮೆ ತಡೆಯಲಾರದೆ ಆ ಜಾಹೀರಾತನ್ನು ಹೆಂಡತಿ ಗ್ರಸಿಯೆಟ್‌ಗೆ ಅರ್ಥಸಹಿತ ಓದಿ ಹೇಳಿದೆ. ಕೆಟ್ಟೆ.

"ಏನ್ರೀ, ನಮ್ಮಜ್ಜಿ ಮನೆ 'ಕೈಂಡು ಆಉಶ್ ಪೆಡಾಸುಶ್' ಅಂತ ಲೋಕಕ್ಕೆಲ್ಲ ಸಾರಿಬಿಟ್ರಾ? ಚೂರುಚೂರಾಗಿ ಉದುರ್ತಾ ಇದೆ ಅಂತ?"

"ಅವರಿಗೆ ಬೇಕಿರೋದೇ ಅದು ಕಣೇ!"

"ಮಾರ್ಕೊಳ್ಳಿ. ಆದ್ರೆ ಮನೆಗೆ ಬಂದವರ ಕಣ್ಣಿಗೆ ಒಂದು ಜೇಡರ ಬಲೆ ಬಿದ್ರೂ ನಮ್ಮಜ್ಜಿ ಮಾನ ಹೋಗುತ್ತೆ!"

ಅಂದವಳೇ ಇಬ್ಬರು ಅಣ್ಣಂದಿರನ್ನು ಕಟ್ಟಿಕೊಂಡು ಗೋಯಿಶ್ ಬಸ್ಸು ಹತ್ತಿದಳು.

ಶನಿವಾರ ನಾನು ಹೋಗಿ ನೋಡುತ್ತೇನೆ, ಗೋಡೆಗೆ ಹಾಲಿನಂಥ ಸುಣ್ಣ! ಕಿಟಕಿಗೆ ಕ್ರೋಶೆ ಪರದೆ. ಮೆಟ್ಟಿಲ ಮೇಲೆ ಹೂಕುಂಡ. ಒಳಗಿಂದ ಎಲೆಕೋಸಿನ ಸೂಪಿನ ಘಮ. ಬಾಗಿಲ ಹಿಡಿಯನ್ನು ಆಸೆಯಿಂದ ಎಳೆದೆ. ಈ ಸಲ ಕಿತ್ತು ಬರಲಿಲ್ಲ!

ಪೆಂಬರ್ಟನ್ ದಂಪತಿ ಜಾಹೀರಾತಿನ ಹಾಳೆ ಹಿಡಿದು ಬಂದರು. ಗೋಡೆ ನೋಡಿದರು, ಹಾಳೆ ನೋಡಿದರು. ಮುಖ ಸಪ್ಪಗಾಯಿತು. ಮಗಳ ಪಕ್ಕದ ಫ್ಲ್ಯಾಟು ಕಣ್ಣೆದುರೇ ಜಾರುತ್ತಿತ್ತು. ಒಂದಾದರೂ ಬಿರುಕು ತೋರಿಸೋಣವೆಂದು ಅಡುಗೆಮನೆ ಗೋಡೆಗೆ ಹೆಗಲು ಕೊಟ್ಟು ನೂಕಿದೆ. 'ಲಟಕ್' ಎಂದಿತು. ಗೋಡೆಯಲ್ಲ, ಹೆಗಲು.

ನಾನು ನರಳುತ್ತಿದ್ದಾಗ ಗ್ರಸಿಯೆಟ್ ಅವರನ್ನು ಕೂರಿಸಿ ಸೂಪು ಬಡಿಸಿದಳು. ಎರಡನೇ ಬಟ್ಟಲು ಮುಗಿಸಿ ಶ್ರೀಮತಿ ಪೆಂಬರ್ಟನ್ ಇಂಗ್ಲಿಷಿನಲ್ಲಿ ಹೇಳಿದರು: "ಈ ಮನೆ ನಮಗೆ ಬೇಕು. ಆದ್ರೆ ಹಾಳೇಲಿ ಬರೆದಿದ್ದೀರಲ್ಲ, ಆ ಡೆರೆಲಿಕ್ಟ್ ಎಲ್ಲಿ? ಅದೂ ಇದರ ಜೊತೆಗೇ ಬರುತ್ತಾ?"

ಗ್ರಸಿಯೆಟ್‌ಗೆ ಇಂಗ್ಲಿಷ್ ಬಾರದು. ಆ ಪಾಳುಬಿದ್ದದ್ದೂ ಜೊತೆಗೇ ಬರುತ್ತಾ ಅಂತ ಕೇಳ್ತಿದ್ದಾರೆ ಎಂದು ಅನುವಾದಿಸಿ ಹೇಳಿದೆ. ಅವಳು ಸೌಟು ಹಿಡಿದು ನನ್ನ ಬೋಳು ನೆತ್ತಿ, ವಾಲಿದ ಹೆಗಲು ಎಲ್ಲವನ್ನೂ ನಿಧಾನವಾಗಿ ನೋಡಿದಳು.

"ಇಲ್ಲ ಅನ್ನಿ. ಅದನ್ನ ಮೂವತ್ತೆರಡು ವರ್ಷದ ಹಿಂದೆ ನಾನೇ ತಗೊಂಡಾಗಿದೆ."