ಬೀಗಿತಿಗೆ ಹಸುವಿಲ್ಲದ ಹಾಲು

ಕಳೆದ ಸಲ ಟೈಲರ್ ಮನೆಗೆ ಬಂದಾಗ ಬೀಗಿತಿ, "ನಾನು ಹಸುವಿನ ಹಾಲು ಬಿಟ್ಟಿದ್ದೀನಿ" ಎಂದು ಟೀ ಲೋಟವನ್ನು ಸರಿಸಿ ಎದ್ದುಹೋಗಿದ್ದರು. ಅಂದಿನಿಂದ ಟೈಲರ್ ಮಗಳಿಗೆ ಅತ್ತೆಮನೆಯಲ್ಲಿ ಒಂದೇ ಮಾತು: "ನಿಮ್ಮಪ್ಪನ ಮನೇಲಿ ಒಂದು ಲೋಟ ಟೀಗೂ ಗತಿಯಿಲ್ಲ."

ಇವತ್ತು ಸಂಜೆ ಬೀಗಿತಿ ಮತ್ತೆ ಬರುವವರಿದ್ದರು. ಟೈಲರ್ ಬೆಳಿಗ್ಗೆಯೇ ಅಂಗಡಿಯ ಬಾಗಿಲೆಳೆದು, ನೆನೆಸಿಟ್ಟ ಬಾದಾಮಿಯ ಬೋಗುಣಿ ಮುಂದಿಟ್ಟುಕೊಂಡು ಕೂತರು.

"ಬಾದಾಮಿಯಿಂದಲೇ ಹಾಲು ತೆಗೀತೀನಿ. ಅವರ ಬಾಯಿ ಮುಚ್ಚಿಸದಿದ್ರೆ ಕೇಳು!"

"ನೀವಾ? ಸ್ಟೌ ಹಚ್ಚೋಕೂ ನನ್ನನ್ನ ಕೂಗೋರು!" ಎಂದರು ಹೆಂಡತಿ.

ಸುಲಿಯಹೋದರೆ ಬಾದಾಮಿಗಳು ಕಿತ್ತ ಗುಂಡಿಗಳ ಹಾಗೆ ಚಿಮ್ಮಿ ಹೊಲಿಗೆ ಮಿಷನ್ನಿನ ಕೆಳಗೆ ಸೇರಿದವು. ಹೆಕ್ಕಿ, ತೊಳೆದು, ರುಬ್ಬಿದ್ದಾಯಿತು. ಸೋಸುವ ಹೊತ್ತಿಗೆ ಕಸುಬಿನ ಹೆಮ್ಮೆ ತಲೆಗೇರಿತು. ಕೋಟಿನ ಒಳಗೆ ಹಾಕುವ ಹೊಸ ಲೈನಿಂಗ್ ಬಟ್ಟೆಯಲ್ಲಿ ಚೀಲ ಕತ್ತರಿಸಿ, ಸುತ್ತ ಎರಡೆರಡು ಹೊಲಿಗೆ ಓಡಿಸಿ, ರುಬ್ಬಿದ್ದನ್ನು ಸುರಿದು ಹಿಂಡಿದರು. ಒಂದು ಹನಿಯೂ ಇಳಿಯಲಿಲ್ಲ.

ಪಕ್ಕದ ಮನೆಯ ಲಾರಿ ಡ್ರೈವರ್ ಇಣುಕಿದ. "ಏನ್ ಟೈಲರಣ್ಣ, ಬಲೂನ್ ಹೊಲಿದಿದ್ದೀರಾ? ಕೊಡಿ ಇಲ್ಲಿ. ಸ್ಟೇರಿಂಗ್ ತಿರುಗಿಸಿದ ಕೈ ಇದು!"

ಅವನು ಹಲ್ಲು ಕಚ್ಚಿ ಹಿಂಡಿದ. ಚೀಲ ಮೀನಿನ ಹಾಗೆ ಜಾರಿ, ಹಾರಿ, ಗಿರಾಕಿಯ ಕಪ್ಪು ಕೋಟಿನ ಮೇಲೆ ಬಿದ್ದು ಬಾಯಿಬಿಟ್ಟಿತು.

ಗದ್ದಲಕ್ಕೆ ಮಹಡಿ ಮೇಲಿನ ನರ್ಸಮ್ಮ ಇಳಿದು ಬಂದರು. "ಅಯ್ಯೋ, ಗಾಯಕ್ಕೆ ಕಟ್ಟೋ ಬಟ್ಟೆ ಥರ ತೆಳ್ಳಗಿರಬೇಕು ಕಣ್ರೀ!"

ಹೊಸ ಬಾದಾಮಿ ತಂದು, ಬಿಸಿನೀರಲ್ಲಿ ನೆನೆಸಿ ರುಬ್ಬಿ, ನರ್ಸಮ್ಮ ಕೊಟ್ಟ ಬಟ್ಟೆಯಲ್ಲಿ ಹಿಂಡಿದರೆ ಹಾಲು ಧಾರೆಯಾಗಿ ಇಳಿಯಿತು. "ಜೋರಾಗಿ ಕುದಿಸಿ!" ಎಂದ ಡ್ರೈವರ್. ಕುದಿಸಿ ಟೀಗೆ ಸುರಿದದ್ದೇ, ಒಡೆದು ಉದುರಿದ ಸುಣ್ಣದ ಹಾಗೆ ಚೂರುಚೂರಾಗಿ ತೇಲಿತು.

"ಸಾಕು ಬಿಟ್ಬಿಡಿ ಅಂದ್ರೆ," ಹೆಂಡತಿ ಸೆರಗಿನಿಂದ ಬೆವರು ಒರೆಸಿಕೊಂಡರು.

"ನನ್ನ ಮಗಳು ಆ ಮಾತು ಕೇಳೋದು ನಿಲ್ಲೋವರೆಗೂ ಬಿಡಲ್ಲ." ಟೈಲರ್ ತೋಳು ಮಡಚಿ ಮತ್ತೆ ರುಬ್ಬಲು ನಿಂತರು. ಈ ಸಲ ನೀರು ಕಡಿಮೆ, ಉರಿ ಸಣ್ಣ. ಟೀ ಇಳಿಸಿದ ಮೇಲೆ ಹಾಲು ನಿಧಾನವಾಗಿ ಬೆರೆಯಿತು. ರುಚಿ ನೋಡಿದ ನಾಲ್ವರೂ ಬಾಯಿ ಚಪ್ಪರಿಸಿದರು.

ಅಷ್ಟರಲ್ಲಿ ಬೀಗಿತಿ, ಹಿಂದೆ ಮುದುಡಿಕೊಂಡು ಮಗಳು. ಬೀಗಿತಿ ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಲೋಟ ಖಾಲಿ ಮಾಡಿ, "ಇನ್ನೊಂದು ಕೊಡಿ" ಎಂದರು.

ಟೈಲರ್ ಕಾಲರ್ ಸರಿಮಾಡಿಕೊಂಡರು. "ಅದೇನಿಲ್ಲ ಬೀಗಿತಮ್ಮಾ, ನಾನೇ..."

"ನಿಮಗೆ ಹೇಗೆ ಗೊತ್ತಾಯ್ತು ಬೀಗರೇ? ನಾನು ಆ ಬಾದಾಮಿ ಬೀಜದ ಹಾಲು ಬಿಟ್ಟೆ ಅಂತ! ಥೂ, ಹಿಟ್ಟು ಕದಡಿದ ನೀರು. ಈಗ ಮತ್ತೆ ಹಸುವಿನ ಹಾಲೇ. ಆದ್ರೆ ಇಂಥ ಗಟ್ಟಿ ಹಾಲು ಎಲ್ಲೂ ಸಿಕ್ಕಿಲ್ಲ ನೋಡಿ!" ಬೀಗಿತಿ ಸೊಸೆಯ ಬೆನ್ನು ತಟ್ಟಿದರು. "ನಿಮ್ಮಪ್ಪನ ಮನೆ ಅಂದ್ರೆ ಅಪ್ಪಟ ಕಣೇ!"

ಮಗಳ ಮುಖ ದೀಪ ಹಚ್ಚಿದಂತಾಯಿತು. ಟೈಲರ್ ತೆರೆದ ಬಾಯನ್ನು ಹಾಗೇ ಮುಚ್ಚಿದರು. ನಗಲು ಹೊರಟ ಡ್ರೈವರನನ್ನು ನರ್ಸಮ್ಮ ಚಿವುಟಿದರು.

"ನಾಳೆಯಿಂದ ನಮ್ಮ ಮನೆಗೂ ದಿನಾ ಎರಡು ಲೀಟರ್ ಕಳಿಸಿ," ಬೀಗಿತಿ ಚಪ್ಪಲಿ ಮೆಟ್ಟಿದರು. "ಭಾನುವಾರ ಬರ್ತೀನಿ. ಆ ಹಸುವನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು."