ಇಬ್ಬರು ಕ್ಷೌರಿಕರ ಗಡ್ಡದ ಬಗ್ಗೆ ಮಹಾಶಕ್ತಿಗಳಿಗೆ

ಹಳೆಯ ಮಹಾಶಕ್ತಿಯವರಿಗೂ, ಅವರನ್ನು ಹಿಂದಿಕ್ಕಲು ಹೊರಟಿರುವ ಹೊಸ ಮಹಾಶಕ್ತಿಯವರಿಗೂ, ಯಾರಿಗೆ ಮೊದಲು ಕೈಮುಗಿಯಬೇಕೆಂಬ ತಕರಾರು ಬೇಡವೆಂದು, ಒಂದೇ ನಮಸ್ಕಾರ. ಅರ್ಧರ್ಧ ಹಂಚಿಕೊಳ್ಳತಕ್ಕದ್ದು.

ಮಾನ್ಯರೇ,

ಈ ಕಾಗದ ಬರೆಯುವ ಕರ್ಮ ನನಗೇಕೆ ಬೇಕಿತ್ತು? ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಕ್ಷೌರದ ಕತ್ತಿ ಹಿಡಿದವನು ನಾನು. ಪೆನ್ನು ಹಿಡಿದರೆ ಕೈ ಜೋಮು ಹಿಡಿಯುತ್ತದೆ. ಟಿವಿ ಮುಂದೆ ಕೂತು ತಮ್ಮಿಬ್ಬರನ್ನೂ ಬಾಯಿತುಂಬ ಬೈದುಕೊಂಡಿದ್ದೆ. "ಇಲ್ಲಿ ಕೂಗಿದ್ರೆ ಅವರಿಗೆ ಕೇಳ್ಸುತ್ತಾ? ಬರೆದು ಹಾಕಿ, ನನ್ನ ಕಿವಿಯಾದ್ರೂ ಉಳಿಯುತ್ತೆ" ಎಂದು ಹೆಂಡತಿ ಪೆನ್ನು ತಂದು ಕುಕ್ಕಿದಳು.

ನಾನೂ ನನ್ನ ತಮ್ಮನೂ ಕ್ಷೌರದಂಗಡಿಯವರು. ಒಂದೇ ಕೋಣೆ, ಉದ್ದದ ಕನ್ನಡಿ, ಎರಡು ಕುರ್ಚಿ. ಅಪ್ಪನ ಕಾಲದಿಂದ ನಮ್ಮಲ್ಲೊಂದು ಕಟ್ಟಳೆಯಿದೆ: ಕ್ಷೌರಿಕ ತನ್ನ ಗಡ್ಡ ತಾನೇ ಹೆರೆದುಕೊಳ್ಳಬಾರದು, ಹೊರಗಿನವರ ಕೈಗೂ ಕೊಡಬಾರದು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನಾನು ಅವನಿಗೆ, ಅವನು ನನಗೆ. ಹಿಂದಿನ ದಿನ ಎಂಥ ಜಗಳವಾಗಿದ್ದರೂ ಅವನ ಕತ್ತಿಗೆ ಕತ್ತು ಒಡ್ಡಿ ನಾನು ಗೊರಕೆ ಹೊಡೆದದ್ದುಂಟು. ತಾವು ಕೋಟಿಗಟ್ಟಲೆ ಸುರಿದು, ಒಪ್ಪಂದದ ಮೇಲೆ ಒಪ್ಪಂದ ಬರೆದು ಹುಡುಕುತ್ತಿರುವ ಆ ಶಕ್ತಿ ಸಮತೋಲ ನಮ್ಮಲ್ಲಿ ಒಂದು ಬಟ್ಟಲು ನೊರೆಯಲ್ಲಿ ನಡೆದುಹೋಗುತ್ತಿತ್ತು.

ಗೋಡೆಗೆ ಟಿವಿ ಹಾಕಿಸಿದ್ದೇ ತಪ್ಪಾಯಿತು. ಅದರಲ್ಲಿ ಹಳೆಯ ಶಕ್ತಿಯವರನ್ನು ದೊಡ್ಡಣ್ಣ ಎನ್ನುತ್ತಾರೆ. ಮನೆಗೆ ಹಿರಿಯನಾದ ನಾನು ಹಿಂದೆಮುಂದೆ ನೋಡದೆ ಆ ಪಕ್ಷ ಸೇರಿದೆ. ಬೆಳೆಯುತ್ತಿರುವ ಶಕ್ತಿಯವರ ಕಡೆಗೆ ತಮ್ಮ ಹೋದ. ಗಿರಾಕಿಗಳೂ ಹಂಚಿಹೋದರು, ಅಂಚೆ ಗುಮಾಸ್ತರೊಬ್ಬರಂತೂ ಯಾರದೋ ಹೊಸ ಯುದ್ಧನೌಕೆಯ ಸುದ್ದಿ ಬಂದದ್ದೇ ತಡ, ಅರ್ಧ ಮುಖ ನೊರೆಯಲ್ಲಿರುವಾಗಲೇ ನನ್ನ ಕುರ್ಚಿಯಿಂದೆದ್ದು ತಮ್ಮನ ಕುರ್ಚಿಯಲ್ಲಿ ಕೂತರು. ಮರುದಿನ ಬೆಳಿಗ್ಗೆ ನನ್ನ ಗಂಟಲ ಮೇಲೆ ಕತ್ತಿಯಿಟ್ಟು ತಮ್ಮ, "ಅಣ್ಣಾ, ನಿನ್ನ ದೊಡ್ಡಣ್ಣನ ಕಾಲ ಮುಗೀತು. ಇನ್ಮೇಲೆ ನಮ್ಮದೇ" ಎಂದು ನಕ್ಕ. "ಮೊದಲು ಕತ್ತಿ ಕೆಳಗಿಡು, ಆಮೇಲೆ ಮಾತಾಡು" ಎಂದೆ. ಅಂದದ್ದು ಅಷ್ಟೇ. ಅವನು ಕತ್ತಿ ಒರೆಸಿ, ಮಡಚಿ, ಜೇಬಿಗೆ ಹಾಕಿಕೊಂಡು ಹೊರಟುಹೋದ. ಅಣ್ಣ ತನ್ನ ಕೈಗೆ ಹೆದರಿದ ಎಂದು ಮನೆಯಲ್ಲಿ ಅತ್ತನಂತೆ.

ಈಗ ಅವನ ಅಂಗಡಿ ಬಸ್ ನಿಲ್ದಾಣದ ಹಿಂದೆ. ಕಟ್ಟಳೆ ಮುರಿಯಲು ಇಬ್ಬರೂ ಒಲ್ಲೆವು, ಹಾಗಾಗಿ ಇಬ್ಬರಿಗೂ ಎದೆಮಟ್ಟ ಗಡ್ಡ. ಗಡ್ಡ ಬಿಟ್ಟ ಕ್ಷೌರಿಕನಿಗೆ ಯಾವ ಗಿರಾಕಿ ಮುಖ ಕೊಡುತ್ತಾನೆ? ಬರುವ ಹನ್ನೆರಡನೇ ತಾರೀಖಿಗೆ ಅವನ ಮಗಳ ಮದುವೆ ಬೇರೆ. ದೊಡ್ಡಪ್ಪ ಈ ಮುಖ ಹೊತ್ತು ಹೋಗುವುದು ಹೇಗೆ?

ಲೋಕದ ಹಿತಕ್ಕಾಗಿ ಊಟ ನಿದ್ದೆ ಬಿಟ್ಟು ದುಡಿಯುವ ಮಹನೀಯರಾದ ತಾವು ದಯಮಾಡಿ ಮದುವೆಯೊಳಗೆ ಯಾರಾದರೊಬ್ಬರು ಸೋತುಬಿಡಬೇಕು. ಅದಾಗದಿದ್ದರೆ ನಮ್ಮಂಗಡಿಗೆ ಬಂದು ಒಬ್ಬರ ಗಡ್ಡ ಇನ್ನೊಬ್ಬರು ಹೆರೆದು ತೋರಿಸಬೇಕು. ನೊರೆ, ಕತ್ತಿ ನಾನು ಕೊಡುತ್ತೇನೆ. ಅಷ್ಟು ಧೈರ್ಯವೂ ಇಲ್ಲದಿದ್ದರೆ ನನ್ನ ತಮ್ಮನಿಗೆ ಒಂದು ಸಾಲು ಬರೆಯಿರಿ: ಅಣ್ಣ ಹೆದರಿದ್ದು ನಿನ್ನ ಕೈಗಲ್ಲ, ನಮ್ಮ ಸುದ್ದಿಗೆ ಎಂದು. ನಾನು ಹೇಳಿದರೆ ಅವನು ನಂಬುವುದಿಲ್ಲ. ತಾವು ಹೇಳುವುದನ್ನೆಲ್ಲ ನಂಬುತ್ತಾನೆ.

ಇಬ್ಬರನ್ನೂ ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ಗಡ್ಡದ ಕ್ಷೌರಿಕ (ಹಿರಿಯ)

ವಿ.ಸೂ.: ತಮ್ಮನ ಗಡ್ಡ ನನ್ನದಕ್ಕಿಂತ ಬೆಳ್ಳಗಾಗಿದೆಯೆಂದು ಹೆಂಡತಿ ನೋಡಿಬಂದು ಹೇಳಿದಳು. ಇದನ್ನು ಹಳೆಯ ಶಕ್ತಿಯವರು ತಮ್ಮ ಗೆಲುವೆಂದು ಸಾರಿಕೊಳ್ಳಬಾರದು. ಉತ್ತರ ಹತ್ತನೇ ತಾರೀಖಿನೊಳಗೆ ಬರಬೇಕು.